ಗೀಜಗನ ಎಂಜಿನ್ ಬಿಚ್ಚಿದ ಮೇಲೆ

ಆರ್ಡರ್ ಕಾಪಿಯಲ್ಲಿ ನನ್ನ ಹುದ್ದೆಯ ಹೆಸರು ಒಂದು ಸಾಲಿಗೆ ಹಿಡಿಸುತ್ತಿರಲಿಲ್ಲ. ಮಾದರಿ ವಿಮಾನ ತರಬೇತುದಾರ ಹಾಗೂ ಸ್ಟೋರ್ ಕೀಪರ್. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರೆ ನಮ್ಮಪ್ಪ ಸ್ಟೋರ್ ಕೀಪರು ಎಂದಷ್ಟೇ ಹೇಳಿ ಎಲೆ ಅಡಿಕೆ ಕಡೆಗೆ ಕೈ ಹಾಕುತ್ತಿದ್ದರು. ವಿಮಾನ ಹಾರಿಸುತ್ತಾನೆ ಎಂದರೆ ಸುಳ್ಳಾಗುತ್ತದೆ, ಆಟದ ವಿಮಾನ ಎಂದರೆ ಹೆಣ್ಣು ಸಿಗುವುದಿಲ್ಲ ಎಂಬುದು ಅವರ ತರ್ಕ. ಮದುವೆಯಾಗಿ ತಿಂಗಳ ಮೇಲೆ ನನ್ನ ಹೆಂಡತಿಗೆ ನಿಜ ಗೊತ್ತಾಯಿತು. ಅವಳು ನಕ್ಕಳು, ಸದ್ಯ.

ಈಗ ಆ ಕುರ್ಚಿಯಲ್ಲಿ ಚೈತ್ರ ಎಂಬ ಹೆಣ್ಣುಮಗಳು ಕೂತಿದ್ದಾಳೆ. ನನ್ನ ನಿವೃತ್ತಿಗೆ ಆರು ತಿಂಗಳಿರುವಾಗ ಸೇರಿದವಳು, ಚುರುಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಪುಸ್ತಕದಲ್ಲಿಲ್ಲದ್ದನ್ನು ಬರೆದುಕೊಡಿ ಸಾರ್ ಎಂದು ಅವಳೇ ಕೇಳಿದ್ದು. ಬಡ್ತಿಯ ವಿಚಾರ ಬರೆಯೋಣವೆಂದರೆ ಈ ಹುದ್ದೆಗೆ ಬಡ್ತಿಯೇ ಇಲ್ಲ. ಹೀಗಾಗಿ ಮಾಡಿದ ತಪ್ಪುಗಳನ್ನು, ಕಂಡ ಒಬ್ಬ ದೊಡ್ಡ ಮನುಷ್ಯರನ್ನು ಕುರಿತು ಬರೆಯುತ್ತೇನೆ. ತಪ್ಪುಗಳು ಹೆಚ್ಚು ಕಂಡರೆ ಅದು ನಿಜವೇ.

ಹಾಸನದಲ್ಲಿ ನಮ್ಮದೊಂದು ಸಣ್ಣ ತರಬೇತಿ ಕೇಂದ್ರ. ಕಾಲೇಜು ಹುಡುಗ ಹುಡುಗಿಯರಿಗೆ ವಿಮಾನ ಯಾಕೆ ಹಾರುತ್ತದೆ, ಯಾಕೆ ಬೀಳುತ್ತದೆ ಎಂದು ಮರದ ಮಾದರಿಗಳಲ್ಲಿ ತೋರಿಸುವುದು ನಮ್ಮ ಕೆಲಸ. ಜೀಪಿನಲ್ಲಿ ವಿಮಾನ ಹೇರಿಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜು ಮೈದಾನಗಳಿಗೆ ಹೋಗಿ ಹಾರಿಸಿ ತೋರಿಸಿ ಬರುತ್ತಿದ್ದೆವು. ನಾನು ಸೇರಿದಾಗ ಅಲ್ಲಿ ಹಿರಿಯರಾಗಿದ್ದವರು ಜವರಯ್ಯನವರು. ಕೊಣನೂರಿನವರು. ಖಾಕಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬ್ಲೇಡು, ಒಂದು ಕಟ್ಟು ಬಿದಿರುಕಡ್ಡಿ. ಆಗಿನ ವಿಮಾನಗಳು ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನದಲ್ಲಿ ಓಡುತ್ತಿದ್ದವು. ಮುಷ್ಟಿಗಾತ್ರದ ಎಂಜಿನ್ನು, ಅದರ ಸದ್ದು ಮಾತ್ರ ಹಿಟ್ಟಿನ ಗಿರಣಿಯಷ್ಟು. ಇಂಧನ ಹೆಚ್ಚು ಕಡಿಮೆ ಮಾಡಲು ಎಂಜಿನ್ನಿನ ಪಕ್ಕದಲ್ಲಿ ಒಂದು ಸೂಜಿ ತಿರುಪು ಇರುತ್ತದೆ. ನಾವೆಲ್ಲ ಅದನ್ನು ಬಗ್ಗಿ, ಹೊಗೆ ನೋಡಿ, ಗೊಣಗಿಕೊಂಡು ತಿರುಗಿಸುತ್ತಿದ್ದರೆ ಜವರಯ್ಯನವರು ಮೂವತ್ತು ಅಡಿ ದೂರದಲ್ಲಿ ನಮಗೆ ಬೆನ್ನು ತಿರುಗಿಸಿಕೊಂಡು ಬೀಡಿ ಹಚ್ಚುತ್ತ, ಕಾಲು ಸುತ್ತು ಬಿಗಿ ಮಾಡು ಎನ್ನುತ್ತಿದ್ದರು. ಕಾಲು ಸುತ್ತು ಎಂದರೆ ಕಾಲು ಸುತ್ತೇ. ಅಷ್ಟು ಮಾಡಿದರೆ ಎಂಜಿನ್ ಹಾಡಿದಂತೆ ಓಡುತ್ತಿತ್ತು. ಮನುಷ್ಯನ ಕಿವಿ ಇಷ್ಟು ಕೇಳಬಲ್ಲದೇ ಎಂದು ನಾನು ಬೆರಗಾಗುತ್ತಿದ್ದೆ. ಆ ಬೆರಗು ಇವತ್ತಿಗೂ ಇಳಿದಿಲ್ಲ.

ಆ ಕಿವಿಗೆ ನಾನು ಮೊದಲು ಸಿಕ್ಕಿಬಿದ್ದದ್ದು ಹೊಳೆನರಸೀಪುರದಲ್ಲಿ. ಇಂಧನಕ್ಕೆಂದೇ ಬರುವ ಶೋಧಿಸಿದ ಹರಳೆಣ್ಣೆ ಮುಗಿದಿತ್ತು. ಪ್ರದರ್ಶನ ನಾಡಿದ್ದು. ನಮ್ಮವ್ವ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆಯುತ್ತಿದ್ದ ಎಣ್ಣೆಗಿಂತ ಶುದ್ಧವಾದದ್ದು ಈ ಭೂಮಿಯ ಮೇಲೆ ಇಲ್ಲ ಎಂದು ನಂಬಿ ಬೆಳೆದವನು ನಾನು. ಮನೆಯಿಂದ ಒಂದು ಬಾಟಲಿ ತಂದು ಯಾರಿಗೂ ಹೇಳದೆ ಬೆರೆಸಿದೆ. ಮೈದಾನದ ತುಂಬ ವಿದ್ಯಾರ್ಥಿಗಳು, ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು. ವಿಮಾನ ನೆಲ ಬಿಟ್ಟು ಆಳೆತ್ತರ ಏರಿದ್ದೇ ಎಂಜಿನ್ ಕೆಮ್ಮಿ ನಿಂತುಹೋಯಿತು. ಹೇಗೋ ಹುಲ್ಲಿನ ಮೇಲೆ ಕೂರಿಸಿದೆ. ಜವರಯ್ಯನವರು ಎಂಜಿನ್ ಮುಟ್ಟಲೂ ಇಲ್ಲ.

‘ಎಣ್ಣೇಲಿ ನೀರದೆ ಕಣ್ಲಾ ಪುಟ್ಟರಾಜ. ಒಗ್ಗರಣೆ ಚಟಗುಟ್ಟಿದಂಗೆ ಅಂತು, ಕೇಳಿಸ್ಲಿಲ್ವ ನಿಂಗೆ? ನಿಮ್ಮವ್ವ ತೆಗ್ದಿದ್ದಾ?’

ಹೌದು ಎಂದೆ. ಅಲ್ಲೇ ಎಲ್ಲರ ಎದುರು ಮಾನ ಕಳೆಯುತ್ತಾರೆ ಎಂದುಕೊಂಡಿದ್ದೆ. ಅವರು ಪ್ರಿನ್ಸಿಪಾಲರ ಹತ್ತಿರ ಹೋಗಿ, ಎಂಜಿನ್ ನಿಂತರೆ ವಿಮಾನ ಹೇಗೆ ಇಳಿಸಬೇಕೆಂದು ನಮ್ಮ ಹುಡುಗ ತೋರಿಸಿದ ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಉಳಿದ ಎಣ್ಣೆಯನ್ನು ಅವರೇ ತಲೆಗೆ ಹಚ್ಚಿಕೊಳ್ಳಲು ತೆಗೆದುಕೊಂಡು ಹೋದರು.

ಗೀಜಗ ಎಂಬುದು ಅವರೇ ಕಟ್ಟಿದ ವಿಮಾನ. ಐದು ಅಡಿ ರೆಕ್ಕೆ, ಬೆಂಡಿನಷ್ಟು ಹಗುರವಾದ ಬಾಲ್ಸಾ ಮರ, ಹಳದಿ ಬಣ್ಣ. ಅದನ್ನು ಕಟ್ಟುವುದನ್ನು ನೋಡುತ್ತಲೇ ನಾನು ಕೆಲಸ ಕಲಿತದ್ದು. ಎರಡು ವಿಷಯದಲ್ಲಿ ಅವರು ರಾಜಿಯಾಗುತ್ತಿರಲಿಲ್ಲ. ಒಂದು, ತೂಕದ ಸಮತೋಲ. ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ಮೂಗನ್ನೂ ಎತ್ತದೆ, ಬಾಲವನ್ನೂ ಇಳಿಸದೆ ನಿಲ್ಲಬೇಕು. ಅದನ್ನು ಟ್ಯಾಂಕು ಖಾಲಿ ಇರುವಾಗಲೇ ನೋಡಬೇಕು, ಯಾಕೆಂದರೆ ಹಾರುತ್ತ ಹಾರುತ್ತ ಇಂಧನ ಮುಗಿದು ವಿಮಾನ ಹಗುರಾಗಿ ಮನೆಗೆ ಬರುತ್ತದೆ. ‘ಟ್ಯಾಂಕ್ ಖಾಲಿ ಮಾಡಿ ತೂಗಿ’ ಎಂದು ವರ್ಕ್‌ಶಾಪಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು. ಎರಡನೆಯದು, ಹಿಂಜು, ಎಂದರೆ ಕೀಲು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಐಲರಾನ್ ಎಂಬ ಪಟ್ಟಿ ಮೇಲೆ ಕೆಳಗೆ ಆಡುತ್ತದೆ, ಅದರಿಂದಲೇ ವಿಮಾನ ವಾಲುವುದು. ಆ ಪಟ್ಟಿಯನ್ನು ಹಿಡಿಯುವ ಹಿಂಜನ್ನು ಬರೀ ಅಂಟಿನಿಂದ ಕೂರಿಸಿದರೆ ಅವರು ಒಪ್ಪುತ್ತಿರಲಿಲ್ಲ. ಪ್ರತಿಯೊಂದು ಹಿಂಜಿಗೂ ಆ ಕಡೆ ಈ ಕಡೆ ಬಿದಿರುಕಡ್ಡಿ ಹೊಡೆಯಬೇಕು. ಹಿಂಜು ಬಿಟ್ಟರೆ ಪಟ್ಟಿ ಹೋಗುತ್ತದೆ, ಪಟ್ಟಿ ಹೋದರೆ ವಿಮಾನವೇ ಹೋಗುತ್ತದೆ ಎನ್ನುವರು.

ಚನ್ನರಾಯಪಟ್ಟಣದ ಒಂದು ಪ್ರದರ್ಶನದ ದಿನ ಜೀಪು ಹಳ್ಳಕ್ಕೆ ಹಾರಿ, ಟ್ರಂಕು ಜಾರಿ ಗೀಜಗನ ಎಡರೆಕ್ಕೆಯ ಪಟ್ಟಿ ಮುರಿಯಿತು. ಜವರಯ್ಯನವರು ಬೆಳಗ್ಗೆಯೇ ಮೈದಾನಕ್ಕೆ ಹೋಗಿದ್ದರು. ನಾನು ದಾರಿಯಲ್ಲಿ ಒಂದು ಹೊಂಗೆ ಮರದ ನೆರಳಿನಲ್ಲಿ ಜೀಪು ನಿಲ್ಲಿಸಿ, ಹೊಸ ಪಟ್ಟಿ ಕೊಯ್ದು, ಉಜ್ಜಿ, ನಾಲ್ಕು ಹಿಂಜು ಅಂಟಿಸಿ, ಬಣ್ಣ ಬಳಿದು ಹೊತ್ತಿಗೆ ಸರಿಯಾಗಿ ತಲುಪಿಸಿದೆ. ನಮ್ಮ ಕೇಂದ್ರದ ಸಾಹೇಬರಿಂದ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಎಲ್ಲಾ ಸರಿಯಾಗಿ ಕೂರಿಸಿದ್ದೀಯಾ ಎಂದು ಜವರಯ್ಯನವರು ಒಮ್ಮೆ ಕೇಳಿದರು. ಹೂಂ ಸಾ ಎಂದೆ. ಅವತ್ತು ಗೀಜಗ ಚೆನ್ನಾಗಿಯೇ ಹಾರಿತು.

ವರ್ಷಗಳು ಹೋದವು. ಅವರು ನಿವೃತ್ತರಾಗಿ ಕೊಣನೂರಿಗೆ ಹೋದರು. ಇತ್ತ ನಮ್ಮ ಇಂಧನದ ಬುಡಕ್ಕೇ ಬಂತು. ಮೆಥನಾಲ್ ತರಿಸಲು ನೂರೆಂಟು ಪರವಾನಗಿ. ಎಂಜಿನ್ ಹೊತ್ತಿಸುವ ಪುಟ್ಟ ಪ್ಲಗ್ಗು ಅಂಗಡಿಗೆ ಬರುವುದೇ ನಿಂತಿತು. ಹೊಸ ಸಾಹೇಬರು ಬಂದವರೇ ಇನ್ನು ಮುಂದೆ ಎಲ್ಲ ಬ್ಯಾಟರಿ ವಿಮಾನ, ಹಳೆಯವನ್ನೆಲ್ಲ ಕಂಡೆಮ್ ಪಟ್ಟಿಗೆ ಸೇರಿಸಿ ಎಂದರು. ಕಂಡೆಮ್ ಮಾಡುವುದೆಂದರೆ ಗೊತ್ತಲ್ಲ, ಸಮಿತಿಯ ಮೂವರ ಎದುರು ಸುತ್ತಿಗೆಯಲ್ಲಿ ಒಡೆದು ಸಹಿ ಹಾಕಿಸಬೇಕು. ಸ್ಟೋರ್ ಕೀಪರ್ ನಾನು, ಒಡೆಯಬೇಕಾದವನೂ ನಾನೇ. ಗೀಜಗನನ್ನು ಬ್ಯಾಟರಿಗೆ ಬದಲಾಯಿಸುತ್ತೇನೆ, ಒಂದು ಅವಕಾಶ ಕೊಡಿ ಎಂದು ಬೇಡಿಕೊಂಡೆ. ಒಳ್ಳೆಯ ಮನುಷ್ಯ ಅವರು. ತಿಂಗಳು ಕೊಟ್ಟರು. ಹಾರಿದರೆ ಇಟ್ಟುಕೊಳ್ಳಿ, ಹಾರದಿದ್ದರೆ ಪಟ್ಟಿಗೆ ಸೇರಿಸಿ ಎಂದರು.

ಅದೇ ವಾರ ಜವರಯ್ಯನವರ ಫೋನು. ಕಣ್ಣಿನ ನರ ಒಣಗಿದೆಯಂತೆ, ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಅದನ್ನು ಅವರು ನೆಗಡಿಯಾಗಿದೆ ಎಂಬಷ್ಟೇ ಸಲೀಸಾಗಿ ಹೇಳಿದರು. ಆಮೇಲೆ, ‘ಗೀಜಗ ಅದಾ ಇನ್ನೂ?’ ಎಂದರು. ಇದೆ ಎಂದೆ. ‘ಒಂದ್ ಸಲ ಇಲ್ಲಿ ತಂದು ಹಾರ್ಸ್ಲಾ. ನೋಡಕ್ಕಂತೂ ಆಗಕಿಲ್ಲ. ಕೇಳುಸ್ಕಂತೀನಿ.’

ಅವರು ಕೇಳಬೇಕೆಂದದ್ದು ಆ ಎಂಜಿನ್ನನ್ನು. ಅದನ್ನು ಬಿಚ್ಚಿ ಹಾಕದಿದ್ದರೆ ಗೀಜಗ ಸುತ್ತಿಗೆ ಕೆಳಗೆ ಹೋಗುತ್ತದೆ, ಬಿಚ್ಚಿದರೆ ಅವರಿಗೆ ಕೇಳಿಸಲು ಏನೂ ಉಳಿಯುವುದಿಲ್ಲ. ತರುತ್ತೇನೆ ಸಾ ಎಂದಷ್ಟೇ ಹೇಳಿ ಫೋನಿಟ್ಟೆ.

ಕೆಲಸ ಶುರುವಾಯಿತು. ಎಂಜಿನ್ನು, ಟ್ಯಾಂಕು, ಸೈಲೆನ್ಸರು ಎಲ್ಲ ಹೊರಗೆ ಬಂತು. ಮೂಗಿನ ಮರ ಎಷ್ಟು ವರ್ಷದ ಹರಳೆಣ್ಣೆ ಕುಡಿದಿತ್ತೆಂದರೆ ಅಂಟು ಹಿಡಿಯುವ ಮಾತೇ ಇಲ್ಲ. ಅಕ್ಕಿಹಿಟ್ಟು ಕಲಸಿ ಮೆತ್ತಿ ಬಿಸಿಲಿಗಿಟ್ಟೆ. ಹಿಟ್ಟು ಎಣ್ಣೆ ಹೀರಿ ಹಳದಿಯಾಯಿತು, ಕೆರೆದು ಮತ್ತೆ ಮೆತ್ತಿದೆ, ಹೀಗೆ ನಾಲ್ಕು ದಿನ. ಐದನೆಯ ದಿನ ಮರ ಹೊಸದರಂತೆ ಬೆಳ್ಳಗೆ ಬಂದದ್ದು ನೋಡಿ ಚೈತ್ರ ಮುಟ್ಟಿ ಮುಟ್ಟಿ ನೋಡಿದಳು. ಹೊಸ ಮೋಟಾರು ಅವಳು ಆರಿಸಿದ್ದು. ನಡುವಿನ ಸುರುಳಿ ಅಲ್ಲಾಡದೆ ನಿಂತು ಹೊರಗಿನ ಡಬ್ಬಿಯೇ ತಿರುಗುವ ಮೋಟಾರು ಅದು, ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ. ಇಷ್ಟೇ ಇಷ್ಟು ಗಾತ್ರದ್ದು ಆ ಅಬ್ಬರದ ಎಂಜಿನ್ನಿಗಿಂತ ಹೆಚ್ಚು ಎಳೆಯುತ್ತದೆ ಎಂದು ಅವಳು ತಕ್ಕಡಿ ಕಟ್ಟಿ ತೋರಿಸಿದಾಗ ನನಗೆ ನಂಬಿಕೆ ಬರಲು ಎರಡು ಸಲ ಮುಳ್ಳು ನೋಡಬೇಕಾಯಿತು. ಎಂಜಿನ್ ಸ್ಟಾರ್ಟ್ ಮಾಡುವ ಹಳೇ ಅಭ್ಯಾಸದಲ್ಲಿ ನಾನು ಮೂಗಿನ ಫ್ಯಾನಿಗೆ ಬೆರಳು ಕೊಡಲು ಹೋದೆ. ಬ್ಯಾಟರಿ ಸಿಕ್ಕಿಸಿದೆ ಸಾರ್, ಕೈ ತೆಗೀರಿ ಎಂದು ಅವಳು ಗದರಿಸಿದಳು. ಗದರಿಸಿಕೊಂಡದ್ದಕ್ಕೆ ಇವತ್ತು ಹತ್ತು ಬೆರಳಿವೆ. ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಿ. ಹಳೇ ಎಂಜಿನ್ನನ್ನು ಬೇಡಿಕೊಂಡು ಹೊತ್ತಿಸಬೇಕಿತ್ತು, ಈ ಮೋಟಾರು ಬ್ಯಾಟರಿ ಸಿಕ್ಕ ಕ್ಷಣದಿಂದ ಕಾದು ಕೂತಿರುತ್ತದೆ.

ಇನ್ನು ನನ್ನ ಮಹಾ ತಪ್ಪು. ಸಮತೋಲ ನೋಡುವ ದಿನ ಚೈತ್ರ ರಜೆಯಲ್ಲಿದ್ದಳು. ಮೂವತ್ತು ವರ್ಷ ನೂರಾರು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಗೋಡೆಯ ಮೇಲಿನ ಬರಹ ಬೇರೆ ಎದುರಿಗೇ ಇತ್ತು. ಇಂಧನ ಖಾಲಿ ಮಾಡಿ ತೂಗಬೇಕಲ್ಲವೇ, ಈಗ ಇಂಧನ ಅಂದರೆ ಬ್ಯಾಟರಿ. ಭಕ್ತಿಯಿಂದ ಬ್ಯಾಟರಿಯನ್ನು ಹೊರಗೆ ತೆಗೆದಿಟ್ಟೆ. ಎರಡು ಬೆರಳ ಮೇಲೆ ಎತ್ತಿದರೆ ಬಾಲ ಇಳಿಯಿತು. ಮೂಗಿಗೆ ಸೀಸದ ತುಂಡು ಕಟ್ಟಿದೆ, ತಕ್ಕಡಿಯಂತೆ ನಿಂತಿತು. ಬಹಳ ಸಂತೋಷವಾಯಿತು. ಬ್ಯಾಟರಿ ಇಂಧನದಂತೆ ಸುಟ್ಟು ಹಗುರಾಗುವುದಿಲ್ಲ, ಏರುವಾಗ ಎಷ್ಟೋ ಇಳಿಯುವಾಗಲೂ ಅಷ್ಟೇ ತೂಕ ಎಂಬುದು ಈ ಮಂಡೆಗೆ ಹೊಳೆಯಲೇ ಇಲ್ಲ.

ಮರುದಿನ ಶಾಂತಿಗ್ರಾಮದ ಹತ್ತಿರ ನಾವು ಯಾವಾಗಲೂ ಪರೀಕ್ಷೆ ಮಾಡುವ ಬಯಲಿಗೆ ಹೋದೆವು. ಬ್ಯಾಟರಿಯನ್ನು ಮೂಗಿನೊಳಗೆ ಕೂರಿಸಿ ಬಿಟ್ಟೆ. ಗೀಜಗ ಓಡಿತು, ಓಡಿತು, ಓಡುತ್ತಲೇ ಇತ್ತು. ಕೈಯಲ್ಲಿದ್ದ ರಿಮೋಟಿನ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ ಎಳೆದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದಿತು. ವೇಗ ಸ್ವಲ್ಪ ತಗ್ಗಿಸಿದ್ದೇ ತಡ, ಮೂಗು ಕೆಳಗೆ ಮಾಡಿ ಪಕ್ಕದ ರಾಗಿ ಹೊಲಕ್ಕೆ ನುಗ್ಗಿತು. ನಾನು ಅಷ್ಟು ಜೋರಾಗಿ ಓಡಿ ಬಹಳ ವರ್ಷವಾಗಿತ್ತು. ಹೊಲದ ಒಡತಿ ನಿಂಗಮ್ಮ ಕಳೆ ಕೀಳುತ್ತಿದ್ದವರು ಎದ್ದು ನಿಂತು ಎಲ್ಲವನ್ನೂ ನೋಡಿದ್ದರು. ಫ್ಯಾನು ಮುರಿದಿತ್ತು, ಚಕ್ರದ ತಂತಿ ಬಗ್ಗಿತ್ತು. ರೆಕ್ಕೆ ಉಳಿದಿತ್ತು, ಪುಣ್ಯ.

ಬೈಯುತ್ತಾರೆ ಎಂದುಕೊಂಡೆ. ನಿಂಗಮ್ಮ ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿ ಒಮ್ಮೆ ತೂಗಿ ನೋಡಿದರು. ‘ಮುಂಭಾರ ಆಗದೆ ಕಣಪ್ಪ ಇದ್ಕೆ. ಗಾಡಿಗೆ ಮುಂಭಾರ ಏರುದ್ರೆ ಎತ್ತು ಕತ್ತು ಎತ್ತಕಾಯ್ತದಾ?’ ಎಂದು ನನ್ನ ಕೈಗೆ ಕೊಟ್ಟು ಕಳೆ ಕೀಳಲು ಹೋದರು.

ಚೈತ್ರ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ನಗುತ್ತಿದ್ದಳೆಂದು ಭುಜ ನೋಡಿಯೇ ಗೊತ್ತಾಯಿತು. ಅಲ್ಲಿಯವರೆಗೆ ವಿಮಾನವನ್ನೇ ಮುಟ್ಟದ ಹೆಂಗಸು ಎತ್ತಿದ ಕ್ಷಣಕ್ಕೆ ಕಂಡುಕೊಂಡದ್ದು ಮೂವತ್ತು ವರ್ಷದ ಮೇಷ್ಟ್ರಿಗೆ ಕಾಣಲಿಲ್ಲ. ನಾಚಿಕೆಗಿಂತ ನನಗೆ ಆಶ್ಚರ್ಯವೇ ಹೆಚ್ಚಾಯಿತು. ಸೀಸ ಕಿತ್ತುಹಾಕಿ, ಬ್ಯಾಟರಿ ಒಳಗಿಟ್ಟುಕೊಂಡೇ ತೂಗಿ, ಅದನ್ನು ಎರಡು ಬೆರಳಗಲ ಹಿಂದಕ್ಕೆ ಸರಿಸಿದೆವು. ಗೋಡೆಯ ಬರಹದ ಕೆಳಗೆ ಚೈತ್ರ ಸೀಮೆಸುಣ್ಣದಲ್ಲಿ ‘ಬ್ಯಾಟರಿ ಇಟ್ಟು ತೂಗಿ’ ಎಂದು ಸೇರಿಸಿದಳು. ಹಳೆಯದನ್ನು ಅಳಿಸಲಿಲ್ಲ, ನಾನೇ ಬೇಡವೆಂದೆ. ಮುರಿದದ್ದನ್ನು ರಿಪೇರಿ ಮಾಡುವಷ್ಟರಲ್ಲಿ ಸಾಹೇಬರು ಕೊಟ್ಟ ತಿಂಗಳು ಮುಗಿಯುತ್ತ ಬಂದಿತ್ತು. ಮತ್ತೊಂದು ಪರೀಕ್ಷೆಗೆ ಸಮಯವಿಲ್ಲ, ನೇರ ಕೊಣನೂರಿನಲ್ಲೇ ಹಾರಿಸೋಣ ಎಂದು ನಿರ್ಧರಿಸಿದೆ. ಸಾಹೇಬರೂ ಸರಿ, ಹಾರಿದ್ದನ್ನು ಚೈತ್ರ ವಿಡಿಯೊ ಮಾಡಿ ತರಲಿ ಎಂದರು.

ಕೊಣನೂರಿನ ಶಾಲೆಯ ಮೈದಾನಕ್ಕೆ ಬೆಳಗ್ಗೆ ಏಳಕ್ಕೇ ಹೋದೆವು, ಗಾಳಿ ಏಳುವ ಮೊದಲು. ಭಾನುವಾರ, ಮಕ್ಕಳಿರಲಿಲ್ಲ. ಜವರಯ್ಯನವರು ಕೋಲು ಊರಿಕೊಂಡು ಆಗಲೇ ಬಂದು ಶಾಲೆಯ ಕುರ್ಚಿಯೊಂದರಲ್ಲಿ ಕೂತಿದ್ದರು. ಒಗೆದ ಖಾಕಿ ಅಂಗಿ ಹಾಕಿಕೊಂಡಿದ್ದರು. ಗೀಜಗನನ್ನು ಅವರ ತೊಡೆಯ ಮೇಲಿಟ್ಟೆ. ಅವರ ಕೈ ಬಾಲದಿಂದ ಶುರುವಾಗಿ ಬೆನ್ನ ಮೇಲೆ ಸರಿದು ಮೂಗಿಗೆ ಬಂತು. ಸೈಲೆನ್ಸರು ಇರುತ್ತಿದ್ದ ಜಾಗದಲ್ಲಿ ಬೆರಳು ಎರಡು ಸಲ ಹುಡುಕಿತು.

‘ಎಂಜಿನ್ ಎಲ್ಲೋ?’

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಂಧನ ಇಲ್ಲ, ಒಡೆಯಬೇಕಿತ್ತು, ಉಳಿಸಲು ಬೇರೆ ದಾರಿ ಇರಲಿಲ್ಲ, ನಿಮಗೆ ಹೇಳಲು ಬಾಯಿ ಬರಲಿಲ್ಲ ಎಂದೆ. ಅವರ ಕೈ ಮೂಗಿನ ಮೇಲೇ ಇತ್ತು. ಕೊನೆಗೆ, ಬಂದಿದ್ದೀಯಲ್ಲ, ಹಾರಿಸು ಎಂದರು. ಅವರಿಗೆ ಬೇಜಾರಾಗಿತ್ತು. ಮುಚ್ಚಿಟ್ಟುಕೊಳ್ಳುವ ಜಾತಿಯ ಮನುಷ್ಯನೇ ಅಲ್ಲ ಅವರು.

ಗೀಜಗ ಹತ್ತು ಹೆಜ್ಜೆ ಓಡಿ ಎದ್ದಿತು. ನಾನು ಕಡ್ಡಿ ಎಳೆದೆನೋ ಇಲ್ಲವೋ ಎಂಬಂತೆ, ತಾನಾಗಿಯೇ. ಎತ್ತರಕ್ಕೆ ಏರಿಸಿ ಮೋಟಾರು ನಿಲ್ಲಿಸಿದೆ. ಹಳೇ ಎಂಜಿನ್ ಆಕಾಶದಲ್ಲಿ ನಿಂತರೆ ಅನಾಹುತ, ಇದನ್ನು ನಾವಾಗಿ ನಿಲ್ಲಿಸಿ ಬೇಕಾದಾಗ ಮತ್ತೆ ಓಡಿಸಬಹುದು. ನಿಲ್ಲಿಸಿದ ಕೂಡಲೇ ಮೈದಾನದ ಮೇಲೆ ಏನೂ ಸದ್ದಿಲ್ಲ. ಆಮೇಲೆ ನಿಧಾನವಾಗಿ ಕೇಳಿಸಿತು, ರೆಕ್ಕೆಯ ಮೇಲೆ ಗಾಳಿ ಸರಿಯುವ ಸುಯ್ ಎಂಬ ದನಿ. ಮೂವತ್ತು ವರ್ಷ ಈ ವಿಮಾನ ಹಾರಿಸಿದ್ದೇನೆ, ಇದಕ್ಕೆ ಇಂಥದ್ದೊಂದು ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಜವರಯ್ಯನವರ ಮುಖ ಆಕಾಶದ ಕಡೆಗಿತ್ತು. ಗೀಜಗ ಎತ್ತ ಹೋಗುತ್ತಿತ್ತೋ ಅತ್ತಲೇ ಆ ಮುಖ ತಿರುಗುತ್ತಿತ್ತು, ಒಂದಿಷ್ಟೂ ತಪ್ಪದೆ. ಚೈತ್ರ ವಿಡಿಯೊ ಮಾಡುವುದನ್ನು ಮರೆತು ಅವರನ್ನೇ ನೋಡುತ್ತ ನಿಂತಿದ್ದಳು.

ಎರಡನೇ ಸುತ್ತಿಗೆ ತಗ್ಗಿಸಿ ನಮ್ಮ ತಲೆಯ ಮೇಲೆಯೇ ಹಾಯಿಸಿದೆ. ಆಗ ಅವರು ಕೋಲನ್ನು ನೆಲಕ್ಕೆ ಕುಟ್ಟಿದರು.

‘ಇಳ್ಸು.’

ಬ್ಯಾಟರಿ ಇನ್ನೂ ಮುಕ್ಕಾಲು ಇದೆ ಸಾ ಎಂದೆ.

‘ಒಂದ್ ರೆಕ್ಕೇಲಿ ಏನೋ ಜರಜರ ಅಂತದೆ ಕಣ್ಲಾ. ಜೋರ್ ಮಾಡ್ಬ್ಯಾಡ. ತಿರುಗುಸ್ಬ್ಯಾಡ. ನೆಟ್ಟಗೆ ಇಳ್ಸು.’

ನನಗೇನೂ ಕೇಳಿಸಿರಲಿಲ್ಲ, ರಿಮೋಟಿನ ಕಡ್ಡಿಯಲ್ಲೂ ಏನೂ ಗೊತ್ತಾಗಿರಲಿಲ್ಲ. ಆದರೆ ಆ ದನಿಗೆ ಎದುರಾಡಿ ಅಭ್ಯಾಸವಿಲ್ಲ. ಮೈದಾನದ ಉದ್ದಕ್ಕೂ ನೇರವಾಗಿ ಇಳಿಸಿದೆ. ಓಡಿಹೋಗಿ ಎತ್ತಿದೆ. ಎಡರೆಕ್ಕೆಯ ಪಟ್ಟಿ ಕೈಗೆ ಜೋತುಬಿದ್ದಿತು. ನಾಲ್ಕು ಹಿಂಜಿನಲ್ಲಿ ಮೂರು ಕಿತ್ತು ಬಂದಿದ್ದವು. ನಾಲ್ಕನೆಯದು ಉಗುರಿನಷ್ಟು ಹಿಡಿದುಕೊಂಡಿತ್ತು. ಇನ್ನೊಂದು ತಿರುವು ತೆಗೆದುಕೊಂಡಿದ್ದರೆ ಗೀಜಗ ಸೌದೆಯಾಗುತ್ತಿತ್ತು. ಕೊಣನೂರಿಗೆ ಬರುವ ಮೊದಲು ನಾನು ಪಟ್ಟಿ ಎಳೆದು ನೋಡಿಯೂ ಇದ್ದೆ, ಗಟ್ಟಿಯಾಗಿಯೇ ಕಂಡಿತ್ತು.

ತಂದು ಅವರ ಕೈಗಿಟ್ಟೆ. ಕಣ್ಣು ಕಾಣದ ಆ ಬೆರಳುಗಳು ಪಟ್ಟಿಯ ಅಂಚಿನ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ, ಮತ್ತೆ ವಾಪಸು ಬಂದವು.

‘ಕಡ್ಡಿ ಹೊಡೆದಿಲ್ಲ ಇದ್ಕೆ’ ಎಂದರು. ‘ಚನ್ರಾಯಪಟ್ಣದ್ದಾ?’

ಚನ್ನರಾಯಪಟ್ಟಣದ್ದೇ. ಹೊಂಗೆ ಮರದ ಕೆಳಗೆ ಅಂಟು ಒಣಗುವಷ್ಟರಲ್ಲಿ ಹೊತ್ತಾಗಿತ್ತು. ಎಂಟು ಕಡ್ಡಿ ಹೊಡೆಯಲು ಇನ್ನೂ ಅರ್ಧ ಗಂಟೆ ಬೇಕಿತ್ತು. ನಾಳೆ ಹೊಡೆದರಾಯಿತು ಎಂದು ಬಣ್ಣ ಬಳಿದುಬಿಟ್ಟೆ. ನಾಳೆ ಮರೆತೆ, ಆಮೇಲೆ ನೆನಪಾದರೂ ಹೇಳಲು ಹೆದರಿದೆ, ಆಮೇಲೆ ನಿಜವಾಗಿಯೇ ಮರೆತುಹೋಯಿತು. ಅಷ್ಟು ವರ್ಷ ಆ ಪಟ್ಟಿ ಒಳಗೊಳಗೇ ಸಡಿಲವಾಗುತ್ತ ಬಂದಿರಬೇಕು, ರಾಗಿ ಹೊಲದ ಪೆಟ್ಟು ಉಳಿದದ್ದನ್ನು ಮುಗಿಸಿರಬೇಕು. ಎಂಜಿನ್ನಿನ ಅಬ್ಬರದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಅವರ ಕಿವಿಗೂ.

‘ಹೂಂ ಸಾ. ಅವತ್ತು ನಿಮಗೆ ಸುಳ್ಳು ಹೇಳ್ದೆ’ ಎಂದೆ. ಅರವತ್ತು ವರ್ಷದ ನನಗೆ ಕಣ್ಣಲ್ಲಿ ನೀರು ಬಂತು. ಚೈತ್ರ ಅಲ್ಲೇ ಇದ್ದಾಳೆ ಎಂಬ ನಾಚಿಕೆಯೂ ಆಗಲಿಲ್ಲ.

ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿದರು. ಬ್ಲೇಡಿತ್ತು, ಒಂದು ಕಟ್ಟು ಬಿದಿರುಕಡ್ಡಿ ಇತ್ತು. ಚೈತ್ರಳಿಂದ ಬೇಗ ಹಿಡಿಯುವ ಅಂಟು ಕೇಳಿದರು. ನಾನು ಪಟ್ಟಿ ಹಿಡಿದುಕೊಂಡೆ, ಅವಳು ಸಣ್ಣ ಡ್ರಿಲ್ಲಿನಲ್ಲಿ ತೂತು ಕೊರೆದಳು. ಅವರು ಬೆರಳಲ್ಲಿ ತೂತು ತಡವಿ, ಒಂದೊಂದೇ ಕಡ್ಡಿ ಕೂರಿಸಿ, ಉಳಿದದ್ದನ್ನು ಬ್ಲೇಡಿನಲ್ಲಿ ಸವರಿದರು. ಎಂಟೂ ಕಡ್ಡಿ ನೆಟ್ಟಗೆ ಕೂತವು. ಅಂಟು ಗಟ್ಟಿಯಾಗುವ ತನಕ ಪಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಆಮೇಲೆ ಒಮ್ಮೆ ಜೋರಾಗಿ ಎಳೆದು ನೋಡಿ ಗೀಜಗನನ್ನು ನನ್ನ ಕಡೆಗೆ ಚಾಚಿದರು.

ಮತ್ತೆ ಹಾರಿಸಿದೆ. ಮೇಲಕ್ಕೇರಿಸಿ, ಮೋಟಾರು ನಿಲ್ಲಿಸಿ, ಅವರ ತಲೆಯ ಮೇಲೆ ಎಷ್ಟು ಸಲ ಹಾಯಿಸಿದೆನೋ ಲೆಕ್ಕವಿಲ್ಲ. ಈ ಸಲ ಚೈತ್ರ ವಿಡಿಯೊ ಮರೆಯಲಿಲ್ಲ. ಆ ವಿಡಿಯೊದಲ್ಲಿ ವಿಮಾನಕ್ಕಿಂತ ಅವರ ಮುಖವೇ ಹೆಚ್ಚಿದೆ. ಬ್ಯಾಟರಿ ಮುಗಿಯುವವರೆಗೂ ಅವರು ಇಳಿಸು ಎನ್ನಲಿಲ್ಲ.